ಸೇರಿಸಿಕೊಂಡವರು, ದಾರಿ ತೋರಿದವರು

ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಪುಸ್ತಕವಾಗಿ ಬಂದದ್ದು 1926ರಲ್ಲಿ. ಅದೇ ವರ್ಷ ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆದರು. ಮೊದಲನೆಯ ಸಂಗತಿ ಸಾಹಿತ್ಯ ಚರಿತ್ರೆಯನ್ನು ಪರೀಕ್ಷೆಗಾಗಿ ಮಾತ್ರ ಓದಿದವರಿಗೂ ಗೊತ್ತು. ಎರಡನೆಯದನ್ನು ಬರೆಯುವವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ, ಕವಿಯ ಬದುಕಿನಲ್ಲಿ ಕಚೇರಿಯ ನಾಲ್ಕು ವರ್ಷ ಏನು ಮಹಾ ಎಂಬಂತೆ. ನನಗೆ ಆ ನಾಲ್ಕು ವರ್ಷಗಳ ಮೇಲೆಯೇ ಕಣ್ಣು. ಯಾರು ಯಾವ ಪರೀಕ್ಷೆಗೆ ಕಟ್ಟಿದ್ದಾರೆ, ಸೆನೆಟ್ಟಿನ ನಡಾವಳಿಯಲ್ಲಿ ಏನು ದಾಖಲಾಗಬೇಕು, ಫಲಿತಾಂಶ ಎಂದು ಪ್ರಕಟವಾಗಬೇಕು ಎಂಬುದೆಲ್ಲ ರಿಜಿಸ್ಟ್ರಾರರ ಮೇಜಿನ ಕೆಲಸ. ಆ ಮೇಜಿನ ಹಿಂದೆ ಕೂತಿದ್ದವರು ಮಹಾರಾಜ ಕಾಲೇಜಿನ ಇಂಗ್ಲಿಷ್ ತರಗತಿಯಿಂದ ಎದ್ದು ಬಂದವರು. 1930ರಲ್ಲಿ ಮತ್ತೆ ತರಗತಿಗೇ ಹೋದವರು.

ಸ್ಮರಣ ಸಂಚಿಕೆಗಳಲ್ಲಿ ಆಡಳಿತದ ಚರಿತ್ರೆ ಎಂದರೆ ಕುಲಪತಿಗಳ ಪಟ್ಟಿ, ಅವರ ಕಾಲದಲ್ಲಿ ಎದ್ದ ಕಟ್ಟಡಗಳು, ಘಟಿಕೋತ್ಸವಕ್ಕೆ ಬಂದುಹೋದ ಗಣ್ಯರು. ಆ ಪಟ್ಟಿ ಬೇರೆ ಪುಟಗಳಲ್ಲಿ ಇದ್ದೇ ಇರುತ್ತದೆ. ನಾನು ಹೇಳಹೊರಟಿರುವುದು ಮೂರು ಕೆಲಸಗಳ ಕಥೆ: ಹುಡುಗರನ್ನು ಸೇರಿಸಿಕೊಳ್ಳುವುದು, ಸೇರಿದವರಿಗೆ ಯಾವುದನ್ನು ಓದಬೇಕೆಂದು ದಾರಿ ತೋರುವುದು, ಇವೆರಡೂ ನಡೆಯುವಂತೆ ಕಚೇರಿ ಇಟ್ಟುಕೊಳ್ಳುವುದು. ಮೈಸೂರಿನಲ್ಲಿ ಮೊದಲ ನಲವತ್ತು ವರ್ಷ ಈ ಮೂರನ್ನೂ ಹೆಚ್ಚುಕಡಿಮೆ ಒಂದೇ ಗುಂಪಿನ ಜನ ಮಾಡಿದರು. ಆಮೇಲೆ ಮೂರೂ ಬೇರೆಬೇರೆಯವರ ಪಾಲಾದವು. ಹಾಗೆ ಆಗಲೇಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ನಡುವಿನ ಕೆಲಸ, ಅಂದರೆ ದಾರಿ ತೋರುವುದು, ಯಾರ ಪಾಲಿಗೂ ಸರಿಯಾಗಿ ಬರಲಿಲ್ಲ.

1916ಕ್ಕೆ ಮೊದಲು ಮೈಸೂರು ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯದ ಅಂಕೆಯಲ್ಲಿದ್ದವು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಶಾಲೆ ಬೆಳೆದು ಮಹಾರಾಜ ಕಾಲೇಜಾಗಿತ್ತು. ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜಿತ್ತು. ಪಾಠ ಇಲ್ಲಿ, ಪಠ್ಯ ಅಲ್ಲಿಯದು. ಪರೀಕ್ಷೆ ಯಾವಾಗ, ಉತ್ತರ ಪತ್ರಿಕೆ ನೋಡುವವರು ಯಾರು, ಎಷ್ಟು ಅಂಕಕ್ಕೆ ಪಾಸು ಎಂಬುದೆಲ್ಲ ಕಡಲ ದಂಡೆಯಲ್ಲಿ ತೀರ್ಮಾನವಾಗಿ ಬರುತ್ತಿತ್ತು. ಮೈಸೂರಿನ ಹುಡುಗನಿಗೆ ಏನು ಬೇಕು ಎಂದು ಮೈಸೂರಿನವರೇ ಕೂತು ಯೋಚಿಸುವ ಒಂದು ಮೇಜು ಇರಲಿಲ್ಲ. 1912ರಲ್ಲಿ ದಿವಾನರಾದ ಎಂ. ವಿಶ್ವೇಶ್ವರಯ್ಯನವರಿಗೆ ಇದು ಸಹಿಸದಾಯಿತು. ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಹೊರದೇಶಗಳ ಶಿಕ್ಷಣ ವ್ಯವಸ್ಥೆಗಳನ್ನು ನೋಡಿ ಬಂದು ಬರೆದದ್ದು ಯೋಜನೆಗೆ ತಳಹದಿಯಾಯಿತು. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳಾಗಿ ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂತು. ಬ್ರಿಟಿಷರ ನೇರ ಆಳ್ವಿಕೆಗೆ ಹೊರಗಿದ್ದ ನೆಲದಲ್ಲಿ ಅಂಥದು ಅದೇ ಮೊದಲು.

ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು ನ್ಯಾಯಾಧೀಶರಾಗಿದ್ದವರು. ಹಿಂದಿನ ವರ್ಷವಷ್ಟೇ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾಗಿದ್ದರು. ಸಂಸ್ಥಾನದ ಜಾತಿ ಬುಡಕಟ್ಟುಗಳ ಬಗ್ಗೆ ಸಂಪುಟಗಟ್ಟಲೆ ಸಾಮಗ್ರಿ ಕೂಡಿಹಾಕಿದವರು. ಮೈಸೂರಿನಲ್ಲಿ ಯಾರು ಓದುತ್ತಿದ್ದಾರೆ, ಯಾರು ಓದುತ್ತಿಲ್ಲ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ವಿರಳ. ಆದರೆ ವಿಶ್ವವಿದ್ಯಾನಿಲಯದ ಮೊದಲ ವರ್ಷಗಳ ದಾಖಲಾತಿ ಆ ತಿಳಿವಳಿಕೆಗೆ ತಕ್ಕಂತೆ ಬದಲಾಗಲಿಲ್ಲ. ಎರಡು ಪ್ರಧಾನ ಕಾಲೇಜುಗಳು, ಬಹುಪಾಲು ಪಟ್ಟಣದ ಹುಡುಗರು, ಅವರಲ್ಲಿಯೂ ಬಹುಪಾಲು ಬ್ರಾಹ್ಮಣರು. ಹೆಣ್ಣುಮಕ್ಕಳಿಗೆ ಮಹಾರಾಣಿ ಕಾಲೇಜಿತ್ತು. 1881ರಲ್ಲಿ ಶಾಲೆಯಾಗಿ ಹುಟ್ಟಿದ ಅದನ್ನು ಕಾಲೇಜು ಮಟ್ಟಕ್ಕೆ ಏರಿಸಿದ್ದೇ ಆ ಕಾಲಕ್ಕೆ ದೊಡ್ಡ ಸಾಹಸ.

1918ರಲ್ಲಿ ಸರ್ಕಾರ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿತು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರ ಪಾಲು ಹೆಚ್ಚಿಸುವುದು ಅದರ ಮುಖ್ಯ ವಿಷಯ. ಆದರೆ ಕೆಲಸ ಕೊಡಬೇಕಾದರೆ ಓದಿದವರು ಬೇಕು, ಓದಬೇಕಾದರೆ ವಿದ್ಯಾರ್ಥಿವೇತನ ಬೇಕು, ಹಾಸ್ಟೆಲ್ ಬೇಕು ಎಂಬಲ್ಲಿಗೆ ಮಾತು ಬಂದು ನಿಂತಿತು. ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅವರು ದಿವಾನಗಿರಿ ಬಿಡಲು ಇದೂ ಒಂದು ಕಾರಣ ಎಂಬುದು ಎಲ್ಲರಿಗೂ ತಿಳಿದದ್ದು. ವಿಶ್ವವಿದ್ಯಾನಿಲಯದ ಶಿಲ್ಪಿಯೇ ಅದರ ಬಾಗಿಲು ಯಾರಿಗೆ ಎಷ್ಟು ತೆರೆಯಬೇಕೆಂಬ ಪ್ರಶ್ನೆಯಲ್ಲಿ ಹಿಂದೆ ಸರಿದದ್ದನ್ನು ನಮ್ಮ ಸ್ಮರಣ ಸಂಚಿಕೆಗಳು ಹೇಳದೆ ಬಿಡುತ್ತವೆ. ಹೇಳಿದರೆ ಅವರ ದೊಡ್ಡತನಕ್ಕೇನೂ ಕುಂದಿಲ್ಲ.

ಹಾಸ್ಟೆಲ್ ಇಲ್ಲದ ಹುಡುಗರು ಏನು ಮಾಡುತ್ತಿದ್ದರು? ವಾರಾನ್ನ. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಏಳು ಮನೆ ಹೊಂದಿಸಿಕೊಂಡವನು ಭಾಗ್ಯವಂತ. ಐದೇ ಸಿಕ್ಕವನು ಎರಡು ದಿನ ಮಂಡಕ್ಕಿಯಲ್ಲೋ ಏಕಾದಶಿಯ ನೆಪದಲ್ಲೋ ಕಳೆಯಬೇಕು. ಮೈಸೂರಿನ ಅಗ್ರಹಾರಗಳಲ್ಲಿ ಈ ಪದ್ಧತಿ ಎಷ್ಟೋ ಪದವೀಧರರನ್ನು ಸಾಕಿದೆ. ಆದರೆ ಅಡುಗೆಮನೆಯ ಹೊಸ್ತಿಲಿಗೆ ಜಾತಿಯಿತ್ತು. ವಾರಾನ್ನದ ಏರ್ಪಾಟು ಬ್ರಾಹ್ಮಣ ಹುಡುಗನಿಗೆ ಮಾತ್ರ ಒದಗುತ್ತಿದ್ದುದರಿಂದಲೇ ಲಿಂಗಾಯತರು, ಒಕ್ಕಲಿಗರು ಮತ್ತಿತರ ಸಮುದಾಯಗಳು ತಮ್ಮ ತಮ್ಮ ಹಾಸ್ಟೆಲ್‌ಗಳನ್ನು ಕಟ್ಟಿಕೊಳ್ಳಬೇಕಾಯಿತು. ಮಠಗಳು ಈ ಕೆಲಸಕ್ಕೆ ಕೈಹಾಕಿದ್ದೂ ಆಗಲೇ. ವಿಶ್ವವಿದ್ಯಾನಿಲಯದ ದಾಖಲಾತಿ ಪುಸ್ತಕಕ್ಕೆ ಯಾರ ಹೆಸರು ಏರಬೇಕೆಂದು ನಿಯಮಾವಳಿ ಹೇಳಿದ್ದಕ್ಕಿಂತ ಹೆಚ್ಚಾಗಿ ಊಟದ ಮನೆ ಹೇಳಿತು. ಮುಂದೆ ಕುವೆಂಪು ಎಂದು ಹೆಸರಾದ, ಮಲೆನಾಡಿನ ಕುಪ್ಪಳಿಯಿಂದ ಬಂದ ಪುಟ್ಟಪ್ಪನವರು ವಿದ್ಯಾರ್ಥಿಯಾಗಿದ್ದಾಗ ನೆಲೆ ಕಂಡದ್ದು ಮೈಸೂರಿನ ಶ್ರೀರಾಮಕೃಷ್ಣ ಆಶ್ರಮದಲ್ಲಿ.

ಬ್ರಜೇಂದ್ರನಾಥ ಸೀಲ್ ಅವರ ಕಾಲ ಈ ಕಥೆಯ ಸೊಗಸಾದ ಭಾಗ. ಕಲ್ಕತ್ತೆಯ ಆ ತತ್ತ್ವಶಾಸ್ತ್ರಜ್ಞರು 1920ರ ದಶಕದ ಉದ್ದಕ್ಕೂ ಇಲ್ಲಿ ಕುಲಪತಿಗಳಾಗಿದ್ದರು. ಮೈಸೂರಿನ ರಾಜ್ಯಾಂಗ ಸುಧಾರಣೆಯ ಸಮಿತಿಗೂ ಅವರದೇ ಅಧ್ಯಕ್ಷತೆ. ವಿಜ್ಞಾನ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಮಾನವಿಕಗಳು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂಬ ಹಂಚಿಕೆ ನೆಲೆಯೂರಿತು. 1927ರಲ್ಲಿ ಕನ್ನಡ ಎಂ.ಎ. ಶುರುವಾಯಿತು. ಕುಲಪತಿ ಬಂಗಾಳಿ ದಾರ್ಶನಿಕರು, ರಿಜಿಸ್ಟ್ರಾರ್ ಬಿ.ಎಂ.ಶ್ರೀ., ಕನ್ನಡ ವಿಭಾಗದಲ್ಲಿ ಟಿ.ಎಸ್. ವೆಂಕಣ್ಣಯ್ಯನವರು. ಹೊಸ ತರಗತಿ ತೆರೆಯುವುದು ಒಂದು ಆದೇಶ. ಅದಕ್ಕೆ ಹುಡುಗರು ಬಂದು ಸೇರುವುದು ಬೇರೆ ಮಾತು. ಕನ್ನಡ ಎಂ.ಎ. ಮಾಡಿದರೆ ಮುಂದೆ ಹೊಟ್ಟೆಪಾಡು ಏನು ಎಂದು ಅಂದು ಕೇಳದ ತಂದೆತಾಯಿ ಇರಲಾರರು. 1929ರಲ್ಲಿ ಹೊರಬಂದ ಮೊದಲ ತಂಡದಲ್ಲಿ ಕುವೆಂಪು ಇದ್ದರು, ಡಿ.ಎಲ್. ನರಸಿಂಹಾಚಾರ್ ಇದ್ದರು. ಆ ತರಗತಿಗೆ ಜನ ಸೇರಲು ವೆಂಕಣ್ಣಯ್ಯನವರಂಥ ಗುರುಗಳು ಎದುರಿಗಿದ್ದದ್ದೇ ಭರವಸೆ. ಕುವೆಂಪು ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಆ ಗುರುಗಳಿಗೇ.

ಆಗಿನ ಸಲಹೆ ಎಂದರೆ ಹೀಗೆ: ಗೊತ್ತಿದ್ದವರು ಗೊತ್ತಿದ್ದ ಹುಡುಗನಿಗೆ ಹೇಳುವ ಮಾತು. ಎ.ಆರ್. ವಾಡಿಯಾ ಅವರು ತತ್ತ್ವಶಾಸ್ತ್ರ ವಿಭಾಗದಲ್ಲಿ ಸಮಾಜ ತತ್ತ್ವಶಾಸ್ತ್ರದ ಆನರ್ಸ್ ಓದನ್ನು ರೂಪಿಸಿದ್ದರು. ಅದರ ಹೆಸರೇ ಬಹುಜನಕ್ಕೆ ಹೊಸದು. ಮೈಸೂರಿನ ಎಂ.ಎನ್. ಶ್ರೀನಿವಾಸ್ ಎಂಬ ಹುಡುಗ ಅಂಥದೇ ಮಾತಿನ ಮೇಲೆ ಅದನ್ನು ತೆಗೆದುಕೊಂಡು 1936ರಲ್ಲಿ ಪದವಿ ಪಡೆದ. ಭಾರತದ ಸಮಾಜಶಾಸ್ತ್ರಕ್ಕೆ ಅಲ್ಲಿಂದ ಏನು ಬಂತೆಂಬುದು ಎಲ್ಲರಿಗೂ ಗೊತ್ತು. ಉಲ್ಟಾ ಉದಾಹರಣೆಯೂ ಇದೆ. ಆರ್.ಕೆ. ನಾರಾಯಣ್ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿ, ಆ ವರ್ಷವೆಲ್ಲ ತಮಗೆ ಬೇಕಾದ್ದು ಓದಿಕೊಂಡು, 1930ರಲ್ಲಿ ಮಹಾರಾಜ ಕಾಲೇಜಿನಿಂದ ಬಿ.ಎ. ಮುಗಿಸಿದರು. ಸಾಹಿತ್ಯದಲ್ಲಿ ಎಂ.ಎ. ಸೇರಲು ಅರ್ಜಿ ತರೋಣವೆಂದು ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಾಗ ಎದುರಿಗೆ ಸಿಕ್ಕ ಗೆಳೆಯ, ಎಂ.ಎ. ಮಾಡಿದರೆ ಸಾಹಿತ್ಯದ ಮೇಲಿನ ಪ್ರೀತಿಯೇ ಸತ್ತುಹೋಗುತ್ತದೆ ಎಂದು ಅರ್ಧದಲ್ಲಿಯೇ ವಾಪಸು ಕಳಿಸಿದನಂತೆ. ನಾರಾಯಣ್ ತಮ್ಮ ನೆನಪುಗಳಲ್ಲಿ ಇದನ್ನು ನಗುತ್ತಲೇ ಹೇಳಿಕೊಂಡಿದ್ದಾರೆ. ದಾಖಲಾತಿಯ ದೃಷ್ಟಿಯಿಂದ ಅದು ಒಂದು ಸೀಟು ನಷ್ಟ.

ಈ ಆತ್ಮೀಯತೆಯನ್ನು ಹಾಡಿ ಹೊಗಳುವುದು ಸುಲಭ. ಹಳೆಯ ವಿದ್ಯಾರ್ಥಿಗಳು ಸೇರಿದಲ್ಲೆಲ್ಲ ಎಂ. ಹಿರಿಯಣ್ಣನವರ ಶಿಸ್ತು, ಜೆ.ಸಿ. ರಾಲೋ ಅವರ ಷೇಕ್ಸ್‌ಪಿಯರ್, ವೆಂಕಣ್ಣಯ್ಯನವರ ಅಂತಃಕರಣ ಇವೇ ಮಾತು. ಅವರೆಲ್ಲ ನಿಜಕ್ಕೂ ದೊಡ್ಡವರು. ಆದರೆ ಪ್ರಾಧ್ಯಾಪಕರ ಮನೆಯ ಜಗಲಿಗೆ ಹೋಗಿ ಕೂರುವ ಧೈರ್ಯ ಯಾರಿಗಿತ್ತು? ಅಣ್ಣನೋ ಮಾವನೋ ಅದೇ ಕಾಲೇಜಿನಲ್ಲಿ ಓದಿದ್ದವನಿಗೆ, ಅದೇ ಬೀದಿಯವನಿಗೆ. ಹಳ್ಳಿಯಿಂದ ಮೊದಲ ಸಲ ಬಂದವನು ನೋಟಿಸ್ ಬೋರ್ಡು ನೋಡಿಕೊಂಡೇ ತನ್ನ ಭವಿಷ್ಯ ತೀರ್ಮಾನಿಸಬೇಕಿತ್ತು. ಆಗಿನ ಮಾರ್ಗದರ್ಶನ ಚೆನ್ನಾಗಿ ನಡೆದದ್ದಕ್ಕೆ ಗುರುಗಳ ಗುಣ ಎಷ್ಟು ಕಾರಣವೋ, ಒಳಗಿದ್ದವರ ಸಂಖ್ಯೆ ಕಡಿಮೆಯಿದ್ದದ್ದೂ ಅಷ್ಟೇ ಕಾರಣ.

ಮುಂದಿನ ಕುಲಪತಿಗಳನ್ನು ಬೇಗ ದಾಟುತ್ತೇನೆ. ಇ.ಪಿ. ಮೆಟ್‌ಕಾಫ್ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದವರು, ಎನ್.ಎಸ್. ಸುಬ್ಬರಾವ್ ಮಹಾರಾಜ ಕಾಲೇಜಿನ ಅರ್ಥಶಾಸ್ತ್ರದವರು. ಇಬ್ಬರೂ ತರಗತಿಯಿಂದಲೇ ಮೇಲೆ ಹೋದವರು. 1930ರ ದಶಕದಲ್ಲಿ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುವ ಪರಿಪಾಟ ಬೆಳೆಯಿತು. ಉಪನ್ಯಾಸಗಳು ಸಣ್ಣ ಪುಸ್ತಕಗಳಾಗಿ ಅಚ್ಚಾದವು. ಕಾಲೇಜಿಗೆ ಬರಲಾರದವನ ಬಳಿಗೆ ವಿಶ್ವವಿದ್ಯಾನಿಲಯವೇ ಬಸ್ಸು ಹತ್ತಿ ಹೋದದ್ದು ಅದೇ ಮೊದಲು. 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಬಂತು. 1947ರಲ್ಲಿ ಕ್ರಾಫರ್ಡ್ ಭವನ ಎದ್ದಿತು. ಆ ಬಿಳಿ ಕಟ್ಟಡ ಬಂದಮೇಲೆ ‘ಆಡಳಿತ’ ಎಂಬುದಕ್ಕೆ ಒಂದು ವಿಳಾಸ ಸಿಕ್ಕಿತು. ಕಾಲೇಜಿನ ಕೊಠಡಿಯಿಂದ ರಸ್ತೆ ದಾಟಿ ಹೋಗಬೇಕಾದ ಒಂದು ಜಾಗವಾಯಿತು.

1956ರಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು; ಕುವೆಂಪು ಕುಲಪತಿಗಳಾದರು. ಇದೇ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು ಅದರ ಕುಲಪತಿಯಾದವರಲ್ಲಿ ಅವರೇ ಮೊದಲಿಗರು. ಅದೇ ವರ್ಷದ ಹೊಸ ಅಧಿನಿಯಮ ಬಂದಮೇಲೆ ಊರೂರ ಕಾಲೇಜುಗಳಿಗೆ ಸಂಯೋಜನೆ ಕೊಡುವ ಕೆಲಸ ಬೆಳೆಯಿತು. ಪಾಠ ಹೇಳುವುದಕ್ಕೆಂದು ಹುಟ್ಟಿದ ವಿಶ್ವವಿದ್ಯಾನಿಲಯ ಪರೀಕ್ಷೆ ನಡೆಸುವುದಕ್ಕೂ ಅಷ್ಟೇ ಹೆಸರಾಯಿತು. ಮದರಾಸಿನ ಮೇಲೆ ಮೈಸೂರಿಗಿದ್ದ ದೂರು ಈಗ ಚಿಕ್ಕಮಗಳೂರಿಗೂ ಶಿವಮೊಗ್ಗಕ್ಕೂ ಮೈಸೂರಿನ ಮೇಲೆ ಹುಟ್ಟತೊಡಗಿತು.

ಕುವೆಂಪು ಮಾಡಿದ ಮುಖ್ಯ ಕೆಲಸ ಕುಕ್ಕರಹಳ್ಳಿ ಕೆರೆಯ ಆಚೆ ದಡದ ಜಾಗ ಹಿಡಿದು ಸ್ನಾತಕೋತ್ತರ ವಿಭಾಗಗಳನ್ನು ಒಂದೇ ಕಡೆ ಕೂಡಿಸಿದ್ದು. 739 ಎಕರೆಯ ಆ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. 1960ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಅದು ರೂಪುಗೊಳ್ಳುತ್ತಿತ್ತು. ಇದಕ್ಕಿಂತ ಕಡಿಮೆ ಮಾತಾಗಿರುವುದು, ನನ್ನ ದೃಷ್ಟಿಯಲ್ಲಿ ಅಷ್ಟೇ ದೊಡ್ಡದು, ಕನ್ನಡ ಮಾಧ್ಯಮ. ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಕನ್ನಡದಲ್ಲಿ ಓದಿ ಕನ್ನಡದಲ್ಲಿ ಬರೆಯಬಹುದು ಎಂಬ ಆಯ್ಕೆ, ಅದಕ್ಕೆ ಬೇಕಾದ ಪಠ್ಯ ಒದಗಿಸಲು ವಿಶ್ವವಿದ್ಯಾನಿಲಯದ ಪ್ರಕಟಣ ವಿಭಾಗವಾದ ಪ್ರಸಾರಾಂಗದ ಪುಸ್ತಕಗಳು. ಇಂಗ್ಲಿಷಿನ ಭಯಕ್ಕೇ ಹೈಸ್ಕೂಲಿನ ಆಚೆ ಕಾಲಿಡದ ಹುಡುಗ ಹುಡುಗಿಯರಿಗೆ ಅದು ಬಾಗಿಲು ತೆರೆದ ಹಾಗಾಯಿತು. ಕನ್ನಡದಲ್ಲಿ ವಿಜ್ಞಾನ ಹೇಳಲಾದೀತೆ ಎಂದು ಮೂಗು ಮುರಿದವರೂ ಅಧ್ಯಾಪಕರಲ್ಲಿ ಇದ್ದರು. ಆ ವಾದ ಇನ್ನೂ ಮುಗಿದಿಲ್ಲ.

1960ರ ದಶಕ ಬರುವಾಗ ಸೇರಿಸಿಕೊಳ್ಳುವ ಅಧಿಕಾರ ಕಾಲೇಜಿನ ಪ್ರಿನ್ಸಿಪಾಲರ ಕೈಯಿಂದ ಸರ್ಕಾರದ ಆದೇಶಕ್ಕೂ ನ್ಯಾಯಾಲಯದ ಕಟಕಟೆಗೂ ದಾಟಿತ್ತು. 1962ರ ಜುಲೈ 31ರಂದು ಮೈಸೂರು ಸರ್ಕಾರ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ. 68ರಷ್ಟು ಸೀಟುಗಳನ್ನು ಮೀಸಲಿಟ್ಟಿತು. ಹಿಂದುಳಿದವರಿಗೆ 28, ಅತಿ ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3. ಸೀಟು ಸಿಗದವರು ಸುಪ್ರೀಂ ಕೋರ್ಟಿಗೆ ಹೋದರು. ಬಾಲಾಜಿ ಮೊಕದ್ದಮೆ ಎಂದು ಇವತ್ತಿಗೂ ಮೀಸಲಾತಿಯ ಪ್ರತಿ ಚರ್ಚೆಯಲ್ಲಿ ಕೇಳಿಬರುವ ತೀರ್ಪು ಅದೇ ಸೆಪ್ಟೆಂಬರಿನಲ್ಲಿ ಬಂತು. ಆದೇಶ ಬಿದ್ದುಹೋಯಿತು, ಮೀಸಲು ಅರ್ಧದ ಒಳಗಿರಬೇಕು ಎಂಬ ಮಾತು ಹುಟ್ಟಿಕೊಂಡಿತು. ಇಡೀ ದೇಶದ ಪ್ರವೇಶ ನೀತಿಯನ್ನು ಅರ್ಧ ಶತಮಾನ ಆಳಿದ ಆ ಮಾತಿನ ಬೇರು ಮೈಸೂರಿನ ಒಂದು ಪ್ರವೇಶ ಪಟ್ಟಿಯಲ್ಲಿದೆ. ಎರಡು ವರ್ಷದ ಬಳಿಕ ಚಿತ್ರಲೇಖಾ ಮೊಕದ್ದಮೆ: ಸೀಟಿಗೆ ಸಂದರ್ಶನ ಮಾಡಿ ಅಂಕ ಕೊಡಬಹುದೆ ಎಂಬ ಪ್ರಶ್ನೆ. ಅದೂ ಮೈಸೂರಿನದೇ.

ಆಡಳಿತದ ಮಟ್ಟಿಗೆ ಇನ್ನೊಂದು ಮೊಕದ್ದಮೆಯನ್ನು ಬಿಡುವಂತಿಲ್ಲ. ಇಂಗ್ಲಿಷ್ ರೀಡರ್ ಹುದ್ದೆಗೆ ಎಚ್.ಎಚ್. ಅಣ್ಣಯ್ಯಗೌಡರ ನೇಮಕವಾದಾಗ, ಜಾಹೀರಾತಿನಲ್ಲಿ ಹೇಳಿದ ಅರ್ಹತೆ ಅವರಿಗಿಲ್ಲವೆಂದು ಒಬ್ಬರು ಹೈಕೋರ್ಟಿಗೆ ಹೋದರು. ಹೈಕೋರ್ಟ್ ನೇಮಕ ರದ್ದುಮಾಡಿತು. ವಿಶ್ವವಿದ್ಯಾನಿಲಯ ಮೇಲ್ಮನವಿ ಹೋಯಿತು. 1963ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್, ಯಾರು ಪಾಠ ಹೇಳಲು ಯೋಗ್ಯರು ಎಂಬುದನ್ನು ಪರಿಣತರ ಮಂಡಳಿ ನೋಡಿಕೊಳ್ಳುತ್ತದೆ, ನ್ಯಾಯಾಲಯಗಳು ಸಾಮಾನ್ಯವಾಗಿ ಅದರಲ್ಲಿ ಕೈಹಾಕಬಾರದು ಎಂದು ತೀರ್ಪು ಕೊಟ್ಟಿತು. ಬಾಲಾಜಿ ತೀರ್ಪನ್ನೂ ಇದನ್ನೂ ಬರೆದವರು ನ್ಯಾಯಮೂರ್ತಿ ಗಜೇಂದ್ರಗಡ್ಕರ್. ಮೈಸೂರಿನ ಆ ಗೆಲುವನ್ನು ಅಂದಿನಿಂದ ದೇಶದ ವಿಶ್ವವಿದ್ಯಾನಿಲಯಗಳ ವಕೀಲರೆಲ್ಲ ಉಲ್ಲೇಖಿಸುತ್ತ ಬಂದಿದ್ದಾರೆ. ಕೆಲವೊಮ್ಮೆ ನ್ಯಾಯಕ್ಕೆ, ಕೆಲವೊಮ್ಮೆ ಮುಚ್ಚಿಹಾಕುವುದಕ್ಕೆ. ತೀರ್ಪಿನ ತಪ್ಪಲ್ಲ ಅದು.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಬೇರೆಯಾಯಿತು. ಸೆಂಟ್ರಲ್ ಕಾಲೇಜೂ ಎಂಜಿನಿಯರಿಂಗ್ ಕಾಲೇಜೂ ಅದರ ಜೊತೆ ಹೋದವು. ಮನೆ ಪಾಲಾದಾಗ ಹಿರಿಯ ಮಗ ಗದ್ದೆಯ ಒಳ್ಳೆಯ ಭಾಗ ತೆಗೆದುಕೊಂಡು ಹೋದ ಹಾಗೆ. ಅದೇ ವರ್ಷ ಮೈಸೂರಿಗೆ ಕುಲಪತಿಯಾಗಿ ಬಂದವರು ಕೆ.ಎಲ್. ಶ್ರೀಮಾಲಿ, ಕೇಂದ್ರದಲ್ಲಿ ಶಿಕ್ಷಣ ಮಂತ್ರಿಯಾಗಿದ್ದವರು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ, 1968ರಲ್ಲಿ ಕೊಣಾಜೆಯಲ್ಲಿ ಮಂಗಳಗಂಗೋತ್ರಿ ಸ್ನಾತಕೋತ್ತರ ಕೇಂದ್ರ. 1980ರಲ್ಲಿ ಅದು ಮಂಗಳೂರು ವಿಶ್ವವಿದ್ಯಾನಿಲಯವಾಯಿತು, 1987ರಲ್ಲಿ ಶಿವಮೊಗ್ಗದ ಕಡೆಗೆ ಕುವೆಂಪು ವಿಶ್ವವಿದ್ಯಾನಿಲಯ ಬಂತು.

ಆ ದಿನಗಳಲ್ಲಿ ತೆರೆದ ಬಾಗಿಲುಗಳಲ್ಲಿ ಅತ್ಯಂತ ಅಗಲವಾದದ್ದು 1969ರ ಅಂಚೆ ಮತ್ತು ಮುಂದುವರಿಕೆ ಶಿಕ್ಷಣ ಸಂಸ್ಥೆ. ದೇ. ಜವರೇಗೌಡರು ಕುಲಪತಿಯಾದ ವರ್ಷವೂ ಅದೇ. ಟಿ.ಸಿ.ಎಚ್. ಮಾಡಿ ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ತಾಲ್ಲೂಕು ಕಚೇರಿಯ ಗುಮಾಸ್ತರು, ಮದುವೆಯಾಗಿ ಓದು ಬಿಟ್ಟಿದ್ದ ಹೆಣ್ಣುಮಕ್ಕಳು ಮನೆಗೆ ಬಂದ ಪಾಠದ ಕಟ್ಟು ಬಿಚ್ಚಿ ಬಿ.ಎ. ಓದಿದರು. ಬೇಸಿಗೆ ರಜೆಯಲ್ಲಿ ಸಂಪರ್ಕ ತರಗತಿ. ಬಸ್‌ಸ್ಟ್ಯಾಂಡಿನಿಂದ ಬ್ಯಾಗು ಹಿಡಿದು ಬಂದ ನಲವತ್ತು ದಾಟಿದ ವಿದ್ಯಾರ್ಥಿಗಳು ತಮಗಿಂತ ಹದಿನೈದು ವರ್ಷ ಕಿರಿಯ ಅಧ್ಯಾಪಕರನ್ನು ‘ಸಾರ್’ ಎಂದು ಕರೆದು ಅನುಮಾನ ಕೇಳುತ್ತಿದ್ದರು. ಅವರ ಪ್ರಶ್ನೆಗಳಲ್ಲಿ ಪಾಠದ್ದು ಕಡಿಮೆ, ದಾರಿಯದು ಹೆಚ್ಚು. ಈ ಪದವಿಗೆ ಬಡ್ತಿ ಸಿಗುತ್ತದೆಯೆ? ಒಂದು ಪತ್ರಿಕೆ ಉಳಿದರೆ ಮುಂದಿನ ವರ್ಷಕ್ಕೆ ಹೋಗಬಹುದೆ? 1996ರ ಜೂನ್ 1ರಂದು ಈ ಸಂಸ್ಥೆಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಮುಕ್ತಗಂಗೋತ್ರಿಯಲ್ಲಿ ಬೇರೆ ಬಿಡಾರ ಹೂಡಿತು.

ಬಾಗಿಲು ಅಗಲವಾದಷ್ಟೂ ಒಳಗಿನ ಹವೆ ಹಿತವಾಗಿತ್ತು ಎಂದುಕೊಳ್ಳಬೇಕಾಗಿಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ನಡೆದ ಸಭೆಯೊಂದರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಅದರ ವಿರುದ್ಧ ಬೀದಿಗಿಳಿದವರು ವಿದ್ಯಾರ್ಥಿಗಳು. ಪೆಟ್ಟು ತಿಂದವರು ದಲಿತ ವಿದ್ಯಾರ್ಥಿಗಳು, ಅವರ ಹಾಸ್ಟೆಲ್‌ಗಳು. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಸೀಟು, ವಿದ್ಯಾರ್ಥಿವೇತನ, ಹಾಸ್ಟೆಲ್ ಮೂರನ್ನೂ ಕೊಟ್ಟು ಒಳಗೆ ಕರೆದುಕೊಂಡ ಹುಡುಗನನ್ನು ಒಳಗೆ ಯಾರು ಮಾತಾಡಿಸಬೇಕು ಎಂಬುದನ್ನು ಯಾವ ಆದೇಶವೂ ಹೇಳಿರಲಿಲ್ಲ. ಅವರು ತಮ್ಮ ದಾರಿಯನ್ನು ತಾವೇ ಹುಡುಕಿಕೊಂಡರು. ದಲಿತ ಸಂಘರ್ಷ ಸಮಿತಿ, ಬಂಡಾಯ ಸಾಹಿತ್ಯ ಇವೆಲ್ಲ ಆ ಹಾಸ್ಟೆಲ್ ಕೊಠಡಿಗಳ ರಾತ್ರಿಯ ಮಾತುಕತೆಗಳಿಗೆ ಋಣಿ. ವಿಶ್ವವಿದ್ಯಾನಿಲಯ ಅದನ್ನು ತನ್ನ ಸಾಧನೆ ಎಂದು ಬರೆದುಕೊಳ್ಳುವಂತಿಲ್ಲ.

ಕಾನೂನುಗಳು ಬದಲಾದವು. 1976ರ ರಾಜ್ಯ ವಿಶ್ವವಿದ್ಯಾನಿಲಯಗಳ ಅಧಿನಿಯಮ ಎಲ್ಲ ವಿಶ್ವವಿದ್ಯಾನಿಲಯಗಳನ್ನೂ ಒಂದೇ ಚೌಕಟ್ಟಿಗೆ ತಂದಿತು. 2000ದ ಅಧಿನಿಯಮದಲ್ಲಿ ಸೆನೆಟ್ ಇಲ್ಲವಾಯಿತು. ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು ಉಳಿದವು. ಬಿ.ಎಂ.ಶ್ರೀ. ಒಬ್ಬರೇ ಕೂತಿದ್ದ ಕುರ್ಚಿ ಎರಡಾಯಿತು, ಆಡಳಿತಕ್ಕೊಬ್ಬ ಕುಲಸಚಿವ, ಪರೀಕ್ಷಾಂಗಕ್ಕೊಬ್ಬ ಕುಲಸಚಿವ, ಹಣಕಾಸಿಗೆ ಬೇರೆ ಅಧಿಕಾರಿ. ಲಕ್ಷಗಟ್ಟಲೆ ಉತ್ತರ ಪತ್ರಿಕೆಗಳನ್ನು ತೂಗಿ ನೋಡುವ ಸಂಸ್ಥೆಗೆ ಇದು ಅನಿವಾರ್ಯ. ವಿದ್ಯಾರ್ಥಿ ಕ್ಷೇಮಪಾಲನೆಗೂ ಒಂದು ಹುದ್ದೆ ಇದೆ. ಹೊರದೇಶದವರಿಗೆ ಪ್ರತ್ಯೇಕ ಕೇಂದ್ರ ಇದೆ. ಅದರ ಕೆಲಸ ಎಂಥದೆಂದು ಊರಿಗೆ ಗೊತ್ತಾದದ್ದು 2021ರ ಆಗಸ್ಟಿನಲ್ಲಿ. ಕಾಬೂಲ್ ತಾಲಿಬಾನರ ಕೈಸೇರಿದಾಗ ಇಲ್ಲಿ ಓದುತ್ತಿದ್ದ ಅಫ್ಘನ್ ಹುಡುಗ ಹುಡುಗಿಯರಿಗೆ ಊರಿನ ಸುದ್ದಿ, ವೀಸಾದ ಅವಧಿ, ಮುಂದಿನ ಖರ್ಚು ಎಲ್ಲ ಒಟ್ಟಿಗೆ ಪ್ರಶ್ನೆಯಾದವು. ಕುಲಪತಿಗಳೇ ಅವರನ್ನು ಕೂರಿಸಿಕೊಂಡು ಮಾತಾಡಿದರು. ಬಿಕ್ಕಟ್ಟು ಬಂದಾಗ ಕ್ರಾಫರ್ಡ್ ಭವನಕ್ಕೆ ಇದು ಸಾಧ್ಯ. ಬಿಕ್ಕಟ್ಟಿಲ್ಲದ ದಿನ ಏನು?

2010ರ ಹೊತ್ತಿಗೆ ಸ್ನಾತಕೋತ್ತರ ತರಗತಿಗಳಿಗೆ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ಬಂತು. ಹಾರ್ಡ್ ಕೋರ್, ಸಾಫ್ಟ್ ಕೋರ್, ಓಪನ್ ಎಲೆಕ್ಟಿವ್. ಅಂದರೆ ಎಂ.ಎ. ಇತಿಹಾಸದ ಹುಡುಗಿ ಬೇರೆ ವಿಭಾಗಕ್ಕೆ ಹೋಗಿ ಒಂದು ಪತ್ರಿಕೆ ಆರಿಸಿಕೊಳ್ಳಬಹುದು, ಆರಿಸಿಕೊಳ್ಳಲೇಬೇಕು. ಕಾಗದದ ಮೇಲೆ ಇದಕ್ಕಿಂತ ಉದಾರವಾದದ್ದು ಇನ್ನಿಲ್ಲ. ಸೆಮಿಸ್ಟರಿನ ಮೊದಲ ವಾರ ಮಾನಸಗಂಗೋತ್ರಿಯಲ್ಲಿ ನಡೆದಾಡಿದವರಿಗೆ ಆಯ್ಕೆ ಹೇಗೆ ನಡೆಯುತ್ತದೆಂಬುದು ಕಣ್ಣಿಗೆ ಬಿದ್ದಿರುತ್ತದೆ. ವಿಭಾಗದ ಬಾಗಿಲಿಗೆ ಅಂಟಿಸಿದ ಹಾಳೆಯ ಮುಂದೆ ನಾಲ್ಕೈದು ಜನ. ಒಬ್ಬ ಫೋನಿನಲ್ಲಿ ಅದರ ಚಿತ್ರ ತೆಗೆಯುತ್ತಾನೆ, ಇನ್ನೊಬ್ಬಳು ಸೀನಿಯರ್‌ಗೆ ಕರೆಮಾಡಿ ‘ಅಕ್ಕಾ, ಯಾವುದರಲ್ಲಿ ಅಂಕ ಚೆನ್ನಾಗಿ ಬರುತ್ತೆ?’ ಎಂದು ಕೇಳುತ್ತಾಳೆ. ಅಕ್ಕ ಹೇಳಿದ್ದು ತುಂಬಿದ್ದರೆ ಯಾವ ವಿಭಾಗ ಹಾಸ್ಟೆಲ್‌ಗೆ ಹತ್ತಿರವೋ ಅದು. ನಾರಾಯಣ್‌ಗೆ ಸಲಹೆ ಸಿಕ್ಕ ಹಾಗೆಯೇ, ಗೆಳೆಯರಿಂದ. ಆಗ ಅದು ಆಕಸ್ಮಿಕ, ಈಗ ಅದೇ ಪದ್ಧತಿ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬಂದಾಗ ಕೇಳುವ ಪ್ರಶ್ನೆಗಳಲ್ಲಿ ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಎಂಬುದೂ ಒಂದು. ಹಾಗಾಗಿ ಪ್ರತಿ ಕಾಲೇಜಿನಲ್ಲಿ ಮೆಂಟರ್ ಪುಸ್ತಕ ಇದೆ. ಹೆಸರು, ರಿಜಿಸ್ಟರ್ ನಂಬರು, ಪೋಷಕರ ಫೋನು, ‘ಚರ್ಚಿಸಿದ ವಿಷಯ’ ಎಂಬ ಅಂಕಣ, ಸಹಿ. ಆ ಅಂಕಣದಲ್ಲಿ ‘ಹಾಜರಾತಿ’ ಎಂಬ ಒಂದೇ ಪದ ಪುಟದುದ್ದಕ್ಕೂ ಇಳಿದುಬಂದಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಕೆಲವು ಪುಟಗಳಲ್ಲಿ ಮಾತ್ರ ಬೇರೆ ಏನೋ ಬರೆದಿರುತ್ತದೆ: ತಂದೆಗೆ ಲಕ್ವ, ಸಂಜೆ ಅಂಗಡಿ ಕೆಲಸ, ಎರಡನೇ ಸೆಮಿಸ್ಟರ್ ಶುಲ್ಕ ಕಂತಿನಲ್ಲಿ ಕಟ್ಟಲು ಕೇಳಿಕೊಂಡಿದ್ದಾಳೆ, ಪ್ರಿನ್ಸಿಪಾಲರಿಗೆ ಹೇಳಿದೆ. ಇಂಥ ಒಂದು ಪುಟವನ್ನು ಬರೆದ ಮೇಷ್ಟ್ರು ಯಾವ ಕುಲಪತಿಯ ಪಟ್ಟಿಯಲ್ಲೂ ಬರುವುದಿಲ್ಲ.

ಇತ್ತ ಪದವಿಯ ಅವಧಿಯದೇ ಒಂದು ಕಥೆ. 1916ರಲ್ಲಿ ಮೈಸೂರು ಬಿ.ಎ. ಮೂರು ವರ್ಷದ್ದಾಗಿ ಹುಟ್ಟಿತು, ಹಿಂದೊಂದು ವರ್ಷದ ಪ್ರವೇಶ ತರಗತಿ. ಆಮೇಲೆ ಇಂಟರ್‌ಮೀಡಿಯೆಟ್ ಎರಡು, ಪದವಿ ಎರಡು ಆಯಿತು. 1950ರ ದಶಕದ ಕೊನೆಗೆ ಪಿ.ಯು.ಸಿ. ಬಂದು ಪದವಿ ಮತ್ತೆ ಮೂರು ವರ್ಷಕ್ಕೆ ಬಂತು. 2021ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದು ನಾಲ್ಕು ವರ್ಷದ ಆನರ್ಸ್ ತೆರೆಯಿತು. ಅದೇ ಹೊತ್ತಿಗೆ ಸೇರ್ಪಡೆ, ಶುಲ್ಕ, ಪರೀಕ್ಷೆ, ಅಂಕಪಟ್ಟಿ ಎಲ್ಲವನ್ನೂ ಒಂದೇ ತಂತ್ರಾಂಶಕ್ಕೆ ತರುವ ಯುಯುಸಿಎಂಎಸ್ ಬಂತು. 2024ರಲ್ಲಿ ರಾಜ್ಯ ನೀತಿಯ ಹೆಸರಿನಲ್ಲಿ ಮತ್ತೆ ಮೂರು ವರ್ಷ. ಈ ನಡುವೆ ಹಾಸನ, ಚಾಮರಾಜನಗರಗಳಿಗೆ ಬೇರೆ ವಿಶ್ವವಿದ್ಯಾನಿಲಯಗಳಾಗಿ ಮೈಸೂರಿನ ಕೈಕೆಳಗಿನ ಕಾಲೇಜುಗಳು ಕಡಿಮೆಯಾದವು, ಅವುಗಳಿಂದ ಬರುತ್ತಿದ್ದ ಪರೀಕ್ಷಾ ಶುಲ್ಕವೂ ಹೋಯಿತು. ಪಿಂಚಣಿಯ ಹೊರೆ ಮಾತ್ರ ಇಲ್ಲಿಯೇ ಉಳಿಯಿತು.

ಪರಿಣಾಮವಾಗಿ ಒಂದೇ ಕಾಲೇಜಿನ ಪಕ್ಕಪಕ್ಕದ ಕೊಠಡಿಗಳಲ್ಲಿ ಎರಡು ನಿಯಮಾವಳಿಯ ಮಕ್ಕಳು ಕೂತಿದ್ದರು. ಒಬ್ಬರಿಗೆ ನಾಲ್ಕನೇ ವರ್ಷದ ಆಯ್ಕೆ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ನಾಲ್ಕನೇ ವರ್ಷ ಓದಿದರೆ ಎಂ.ಎ. ಒಂದೇ ವರ್ಷಕ್ಕೆ ಮುಗಿಯುತ್ತದೆಯೆ, ಮೂರಕ್ಕೇ ನಿಲ್ಲಿಸಿ ಬಿ.ಎಡ್. ಸೇರುವುದು ಮೇಲೆಯೆ, ಹಳೆಯ ಪತ್ರಿಕೆ ಉಳಿಸಿಕೊಂಡವರಿಗೆ ಯಾವ ಪಠ್ಯ ಎಂಬ ಪ್ರಶ್ನೆಗಳಿಗೆ ತಂತ್ರಾಂಶ ಉತ್ತರ ಕೊಡುವುದಿಲ್ಲ, ಸುತ್ತೋಲೆ ಅರ್ಧ ಕೊಡುತ್ತದೆ. ಉಳಿದ ಅರ್ಧವನ್ನು ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬಹುಮಟ್ಟಿಗೆ ಹೇಳುವವರು ಅತಿಥಿ ಉಪನ್ಯಾಸಕರು, ಪಾಠದ ಗಂಟೆಗಳ ಲೆಕ್ಕದಲ್ಲಿ ಸಂಭಾವನೆ ಪಡೆಯುವವರು. ಯು.ಜಿ.ಸಿ. ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆಯ ಕಾರ್ಯಭಾರ. ಕಾಲೇಜುಗಳ ಕಾರ್ಯಭಾರದ ತಖ್ತೆಯಲ್ಲಿ ಪಾಠಕ್ಕೆ ಅಂಕಣವಿದೆ, ಪ್ರಯೋಗಾಲಯಕ್ಕಿದೆ. ವಿದ್ಯಾರ್ಥಿಯನ್ನು ಎದುರು ಕೂರಿಸಿಕೊಂಡು ಮಾತಾಡಲು ಇಲ್ಲ. ವಾರಕ್ಕೆ ಎರಡು ಗಂಟೆಯನ್ನು ಆ ಹೆಸರಿನಲ್ಲಿ ಕಾರ್ಯಭಾರಕ್ಕೆ ಸೇರಿಸಿ, ಅತಿಥಿ ಉಪನ್ಯಾಸಕರಿಗೆ ಅದಕ್ಕೂ ಸಂಭಾವನೆ ಕೊಡುವ ಪ್ರಸ್ತಾವವನ್ನು ಯಾರಾದರೂ ಸದಸ್ಯರು ವಿದ್ಯಾವಿಷಯಕ ಪರಿಷತ್ತಿನ ಮುಂದಿಡಬೇಕು. ಸರ್ಕಾರದ ಆರ್ಥಿಕ ಇಲಾಖೆ ಅದನ್ನು ಮೊದಲ ಸಲ ತಿರಸ್ಕರಿಸಿ ಕಳಿಸುವುದು ಖಂಡಿತ. ಎರಡನೆಯ ಸಲ ಕಳಿಸುವುದಕ್ಕೆ ಬೇಕಾದ ಅಂಕಿಅಂಶ ಮೆಂಟರ್ ಪುಸ್ತಕಗಳಲ್ಲಿಯೇ ಇದೆ. ಕಪಾಟಿನ ಬೀಗ ತೆಗೆದು ಯಾರಾದರೂ ಎಣಿಸಬೇಕು, ಅಷ್ಟೆ.